ಬೋರ್ಡು ಹುಡುಕುತ್ತಾ ಎಸ್.ಪಿ. ರಸ್ತೆಗೆ

ಬೆಂಗಳೂರಿನ ಹಳೆಯ ಪೇಟೆಗೆ ತನ್ನದೇ ಆದ ಒಂದು ಕ್ರಮವಿದೆ. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳೇ ಅಲ್ಲಿ ಒಂದು ಕಾಲಕ್ಕೆ ಏನು ಸಿಗುತ್ತಿತ್ತೆಂದು ಹೇಳುತ್ತವೆ. ಈಗ ಕುಂಬಾರಪೇಟೆಯಲ್ಲಿ ತಿಗರಿ ತಿರುಗುವುದನ್ನು ಹುಡುಕಿದರೆ ಸಿಗಲಾರದು. ಆದರೆ ಒಂದು ಕಸುಬಿಗೆ ಒಂದು ಬೀದಿ ಎಂಬ ಹಳೆಯ ಪದ್ಧತಿ ಮಾತ್ರ ಸತ್ತಿಲ್ಲ. ಸೀರೆಗೆ ಚಿಕ್ಕಪೇಟೆ, ಪುಸ್ತಕಕ್ಕೆ ಅವೆನ್ಯೂ ರಸ್ತೆ, ವಾಹನದ ಬಿಡಿಭಾಗಗಳಿಗೆ ಜೆ.ಸಿ. ರಸ್ತೆ. ಅದೇ ಸಾಲಿನಲ್ಲಿ ಕಂಪ್ಯೂಟರಿಗೆ ಎಸ್.ಪಿ. ರಸ್ತೆ.

ಎಸ್.ಪಿ. ಎಂದರೆ ಪೊಲೀಸ್ ಸೂಪರಿಂಟೆಂಡೆಂಟ್ ಎಂದು ತಿಳಿದವರಿದ್ದಾರೆ. ಅಲ್ಲ, ಅದು ಸಾದರ ಪತ್ರಪ್ಪ ರಸ್ತೆ. 1935ರಲ್ಲಿ ಕಟ್ಟಿ ಮುಗಿಸಿದ ಪುಟ್ಟಣ್ಣ ಚೆಟ್ಟಿ ಪುರಭವನದಿಂದ ಐದಾರು ನಿಮಿಷದ ನಡಿಗೆ. ಹತ್ತಿರದಲ್ಲೇ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುವುದು ಅಲ್ಲಿಂದಲೇ. ಕರಗ ನೋಡಲು ಜನ ನಿಲ್ಲುವ ಈ ಓಣಿಗಳ ಮಗ್ಗುಲಲ್ಲಿ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು, ಕೀಬೋರ್ಡುಗಳ ರಾಶಿ ಬಿದ್ದಿರುತ್ತದೆ. ರಸ್ತೆಯೇನೂ ಅಗಲವಾಗಿಲ್ಲ. ತಳ್ಳುಗಾಡಿ, ಆಟೋ, ತಲೆಯ ಮೇಲೆ ಮಾನಿಟರ್ ಪೆಟ್ಟಿಗೆ ಹೊತ್ತ ಹಮಾಲಿ, ನಡುವೆ ಟೀ ಮಾರುವ ಹುಡುಗ, ಇವರೆಲ್ಲರಿಗೂ ಅದೇ ದಾರಿ. ಒಂದು ಕಟ್ಟಡದ ನೆಲ ಅಂತಸ್ತಿನಲ್ಲಿ ಬೋಲ್ಟು, ನಟ್ಟು, ಕಬ್ಬಿಣದ ಸರಪಳಿ. ಮೆಟ್ಟಿಲು ಹತ್ತಿದರೆ ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ದೀಪ ಮಿನುಗಿಸುವ ಗೇಮಿಂಗ್ ಕಂಪ್ಯೂಟರು. ಇನ್ನೊಂದು ಓಣಿಯಲ್ಲಿ ರೆಸಿಸ್ಟರ್, ಟ್ರಾನ್ಸಿಸ್ಟರ್, ಚಿಕ್ಕ ಮೋಟರುಗಳನ್ನು ಬಿಡಿಯಾಗಿ ಮಾರುತ್ತಾರೆ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾದರಿ ಮಾಡುವ ಮಕ್ಕಳ ಮೇಷ್ಟ್ರುಗಳಿಗೆ ಈ ಓಣಿ ಚೆನ್ನಾಗಿ ಪರಿಚಿತ.

2025ರ ಜೂನ್ ತಿಂಗಳಲ್ಲಿ ನಾನು ಅಲ್ಲಿಗೆ ಹೋದದ್ದು ಬೇರೆ ಕಾರಣಕ್ಕೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಂಪ್ಯೂಟರ್ ಆಟಗಳ ವಿನ್ಯಾಸ ಕಲಿಯುತ್ತಿದ್ದಾನೆ. ಅವನ ತಂದೆ ತಿಪಟೂರು ಕಡೆಯ ತೆಂಗು ಬೆಳೆಗಾರರು. ಮಗ ಓದಿಗೆ ಹಿಡಿದ ದಾರಿ ಅವರಿಗೆ ಒಪ್ಪಿಗೆಯಿರಲಿಲ್ಲ. ‘ಆಟ ಆಡುವುದಕ್ಕೂ ಕಾಲೇಜು ಬೇಕೆ?’ ಎಂದವರು ಅನಂತರ ಒಂದು ವರ್ಷ ಮಗನೊಡನೆ ಊಟಕ್ಕೆ ಕರೆಯುವಷ್ಟು ಮಾತ್ರ ಮಾತನಾಡಿದ್ದರು. ಆ ವರ್ಷ ಕೊಬ್ಬರಿಗೆ ಬಹಳ ಒಳ್ಳೆಯ ಬೆಲೆ ಬಂತು. ತಾಯಿ ನಡುವೆ ನಿಂತು ಹೇಳಿದ ಮೇಲೆ ತಂದೆ ಎರಡು ಲಕ್ಷ ರೂಪಾಯಿ ತೆಗೆದಿಟ್ಟರು. ಹುಡುಗ ಎರಡು ವರ್ಷ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ಐವತ್ತು ಸಾವಿರ ಸೇರಿಸಿದ. ತಂದೆಯದು ಒಂದೇ ಷರತ್ತು: ‘ಮೇಷ್ಟ್ರು ಜೊತೆಗೆ ಬರಬೇಕು, ಅವರು ಹೂಂ ಅಂದರೆ ಮಾತ್ರ ದುಡ್ಡು.’

ಉಂಡೆ ಕೊಬ್ಬರಿ ಎಂದರೆ ಏನೆಂದು ಪೇಟೆಯ ಓದುಗರಿಗೆ ಒಂದು ಮಾತು ಹೇಳಬೇಕು. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಗುಂಡಗೆ ಒಣಗಬೇಕು. ಅವಸರ ಮಾಡಿದರೆ ಕೆಟ್ಟಿತು. ಅಂಥ ಕಾಯುವಿಕೆಯಿಂದ ಬಂದ ಹಣ ಅದು. ಹೂಂ ಅನ್ನುವ ಕೆಲಸ ಹಗುರದ್ದಾಗಿರಲಿಲ್ಲ.

ಪಟ್ಟಿ ಮತ್ತು ಪಂಪ್‌ಸೆಟ್ಟು

ತಿಪಟೂರಿನಿಂದ ರೈಲಿನಲ್ಲಿ ಬಂದು ಬೆಂಗಳೂರಿನಲ್ಲಿ ಇಳಿದೆವು. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಎರಡನೆಯ ನಿಲ್ದಾಣವೇ ಕೃಷ್ಣರಾಜೇಂದ್ರ ಮಾರುಕಟ್ಟೆ. ನೆಲದಡಿಯಿಂದ ಮೇಲೆ ಬಂದರೆ ಹೂವಿನ ವಾಸನೆ, ಬಸ್ಸುಗಳ ಹಾರನ್ನು. ಅಲ್ಲಿಂದ ಕಾಲ್ನಡಿಗೆ.

ರೈಲಿನಲ್ಲಿ ಹುಡುಗ ತನ್ನ ಪಟ್ಟಿ ತೋರಿಸಿದ್ದ. ಪ್ರೊಸೆಸರು ಎಎಂಡಿ ಕಂಪನಿಯ ರೈಜೆನ್ 7 9800ಎಕ್ಸ್3ಡಿ. 2024ರ ನವೆಂಬರಿನಲ್ಲಿ ಬಂದದ್ದು, ಎಂಟು ಕೋರುಗಳದ್ದು, ಆಟಗಳಿಗೆಂದೇ ಹೆಸರಾದದ್ದು. ಅದರ ಗುಟ್ಟು ಕೋರಿನ ಪಕ್ಕದಲ್ಲೇ ಇರುವ 96 ಮೆಗಾಬೈಟ್ ಎಲ್3 ಕ್ಯಾಶ್ ಮೆಮೊರಿ. ಬೇಕಾದ ಪುಸ್ತಕಕ್ಕೆ ಪ್ರತಿ ಸಲ ಗ್ರಂಥಾಲಯಕ್ಕೆ ಓಡುವ ಬದಲು ಮೇಜಿನ ಮೇಲೇ ಇಟ್ಟುಕೊಂಡಂತೆ. ಗ್ರಾಫಿಕ್ಸಿಗೆ ಆರ್‌ಟಿಎಕ್ಸ್ 5070 ಟಿಐ ಕಾರ್ಡು. ಇವೆರಡರ ಬಗ್ಗೆ ಅವನಿಗೆ ಗೊಂದಲವಿರಲಿಲ್ಲ. ಮದರ್‌ಬೋರ್ಡ್ ಎಂದು ಬರೆದ ಸಾಲಿನ ಮುಂದೆ ಮಾತ್ರ ಮೂರು ಹೆಸರು ಬರೆದು, ಎರಡನ್ನು ಹೊಡೆದು, 48 ಸಾವಿರದ ಒಂದನ್ನು ಉಳಿಸಿಕೊಂಡಿದ್ದ.

‘ಇದೇನು ಕೆಲಸ ಮಾಡುತ್ತೆ?’ ಎಂದು ತಂದೆ ಕೇಳಿದರು. ಮಗನನ್ನಲ್ಲ, ನನ್ನನ್ನು.

ಮಾತೃಫಲಕ ಎಂದು ಪಾರಿಭಾಷಿಕ ಪದ ಹೇಳಿ ಪ್ರಯೋಜನವಿರಲಿಲ್ಲ. ‘ನಿಮ್ಮ ತೋಟಕ್ಕೆ ಪಂಪ್‌ಸೆಟ್ಟಿದೆ. ಬೋರಿನಲ್ಲಿ ನೀರಿದೆ, ಗಿಡಗಳಿವೆ. ನಡುವೆ ಏನಿದೆ?’ ಎಂದೆ.

‘ಪೈಪು, ವಾಲ್ವು, ಸ್ಟಾರ್ಟರು.’

‘ಅಷ್ಟೂ ಸೇರಿದರೆ ಈ ಬೋರ್ಡು. ಇದು ತಾನಾಗಿ ಲೆಕ್ಕ ಮಾಡುವುದಿಲ್ಲ, ಚಿತ್ರ ಬರೆಯುವುದಿಲ್ಲ. ಮಾಡುವವರಿಗೆಲ್ಲ ವಿದ್ಯುತ್ತನ್ನೂ ಸುದ್ದಿಯನ್ನೂ ತಲುಪಿಸುತ್ತದೆ.’

ಅವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ‘ಹಾಗಾದರೆ ಪೈಪು ಸಣ್ಣದಾಗಬಾರದು. ಆದರೆ ಎರಡಿಂಚು ನೀರಿಗೆ ಆರಿಂಚಿನ ಪೈಪು ಹಾಕಿದರೂ ದಂಡ’ ಎಂದರು. ಆ ದಿನದ ವ್ಯವಹಾರಕ್ಕೆಲ್ಲ ಈ ಮಾತೇ ಸೂತ್ರವಾಯಿತು.

ಒಂಬತ್ತು ಸಾವಿರದ ಬೋರ್ಡು

ಮೊದಲು ಹೊಕ್ಕ ಅಂಗಡಿ ಎರಡು ಮಂಚ ಹಾಕುವಷ್ಟು ಅಗಲ. ಗೋಡೆಯ ಉದ್ದಕ್ಕೂ ಮೇಲಿನವರೆಗೆ ಪೆಟ್ಟಿಗೆಗಳು: ಏಸಸ್, ಎಂಎಸ್‌ಐ, ಗಿಗಾಬೈಟ್, ಎಎಸ್‌ರಾಕ್. ನಾಲ್ಕೂ ತೈವಾನಿನ ಕಂಪನಿಗಳು. ಜಗತ್ತಿನ ಬಿಡಿ ಮದರ್‌ಬೋರ್ಡ್ ವ್ಯಾಪಾರ ಬಹುಪಾಲು ಆ ಪುಟ್ಟ ದ್ವೀಪದವರ ಕೈಯಲ್ಲಿದೆ.

ಬಜೆಟ್ಟು ಉಳಿಸಬೇಕೆಂದು ತಂದೆ ಹೇಳುತ್ತಲೇ ಅಂಗಡಿಯಾತ ಒಂಬತ್ತು ಸಾವಿರದ ಒಂದು ಬೋರ್ಡು ಮುಂದಿಟ್ಟ. ‘ಇದಕ್ಕೂ ಆ ಪ್ರೊಸೆಸರು ಕೂರುತ್ತೆ ಸಾರ್, ಕಂಪನಿ ಪಟ್ಟಿಯಲ್ಲೇ ಇದೆ’ ಎಂದ. ಅವನು ಸುಳ್ಳು ಹೇಳಲಿಲ್ಲ. ಸಾಕೆಟ್ ಒಂದೇ: ಎಎಂ5. ತಳದಲ್ಲಿ 1718 ಸಂಪರ್ಕ ಬಿಂದುಗಳು. 2022ರಿಂದ ಬಂದ ರೈಜೆನ್ 7000 ಸಾಲಿನಿಂದ ಹಿಡಿದು ಹುಡುಗನ ಪ್ರೊಸೆಸರಿನವರೆಗೆ ಎಲ್ಲಕ್ಕೂ ಅದೇ. ತಂದೆಯ ಮುಖ ಅರಳಿತು, ಮಗನ ಮುಖ ಬಾಡಿತು.

ಕೂರುವುದು ಬೇರೆ, ಬಾಳುವುದು ಬೇರೆ. ಇಲ್ಲಿ ಎಂಟನೆಯ ತರಗತಿಯಿಂದ ಹತ್ತರವರೆಗೆ ಓದುವ ವಿದ್ಯಾರ್ಥಿಮಿತ್ರರು ಒಂದು ಪೆನ್ಸಿಲ್ ಹಿಡಿಯಬೇಕು.

ಈ ಪ್ರೊಸೆಸರಿಗೆ ಕಂಪನಿ ನಮೂದಿಸಿದ ಶಾಖದ ಹೊರೆ 120 ವ್ಯಾಟ್. ಪವರ್ ಸಪ್ಲೈಯಿಂದ ಬೋರ್ಡಿಗೆ ಬರುವುದು 12 ವೋಲ್ಟ್. ಆದರೆ ಪ್ರೊಸೆಸರು ಕೇಳುವುದು ಸುಮಾರು 1.2 ವೋಲ್ಟ್ ಮಾತ್ರ. ಸಾಮರ್ಥ್ಯ ಎಂದರೆ ವೋಲ್ಟೇಜು ಗುಣಿಸು ವಿದ್ಯುತ್ ಪ್ರವಾಹ. 120ನ್ನು 1.2ರಿಂದ ಭಾಗಿಸಿ. ಬಂತು ನೂರು ಆಂಪಿಯರ್! ನಮ್ಮ ಮನೆಯ ದೊಡ್ಡ ಪ್ಲಗ್ಗು, ಗೀಸರಿಗೆ ಹಾಕುವಂಥದ್ದು, ತಡೆಯುವುದು 16 ಆಂಪಿಯರ್. ಅಂಗೈಯಗಲದ ಜಾಗದಲ್ಲಿ ಅದರ ಆರು ಪಟ್ಟು ಪ್ರವಾಹ ಹರಿಯಬೇಕು.

12 ವೋಲ್ಟನ್ನು 1.2ಕ್ಕೆ ಇಳಿಸುವ ಭಾಗಕ್ಕೆ ವಿಆರ್‌ಎಂ ಎನ್ನುತ್ತಾರೆ. ಇದು ನೇರ ವಿದ್ಯುತ್ತಾದ್ದರಿಂದ ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರಿನ ಉಪಾಯ ನಡೆಯದು. ಮಾಸ್‌ಫೆಟ್ ಎಂಬ ಸ್ವಿಚ್ಚು ಸೆಕೆಂಡಿಗೆ ಲಕ್ಷಾಂತರ ಸಲ ತೆರೆದು ಮುಚ್ಚುತ್ತದೆ. ಹಾಗೆ ತುಂಡು ತುಂಡಾಗಿ ಬಂದ ವಿದ್ಯುತ್ತನ್ನು ತಂತಿ ಸುರುಳಿಯೂ ಕೆಪಾಸಿಟರೂ ಸಮ ಮಾಡುತ್ತವೆ. ಇಂಥ ಸ್ವಿಚ್ಚು–ಸುರುಳಿಗಳ ಒಂದು ಜೋಡಣೆಗೆ ಒಂದು ‘ಫೇಸ್’ ಎಂದು ಹೆಸರು. ಬೋರ್ಡಿನಲ್ಲಿ ಪ್ರೊಸೆಸರಿನ ಸುತ್ತ ಸಾಲಾಗಿ ಕಾಣುವ ಚೌಕ ಕಪ್ಪು ಗುಂಡಿಗಳೇ ಆ ಸುರುಳಿಗಳು.

ಫೇಸು ಹೆಚ್ಚಾದರೆ ಏನು ಲಾಭ? ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣ ಎಂದು ಜೂಲ್ ನಿಯಮ ಹೇಳುತ್ತದೆ. ನೂರು ಆಂಪಿಯರ್ ಒಂದೇ ದಾರಿಯಲ್ಲಿ ಹರಿದರೆ ವರ್ಗ ಹತ್ತು ಸಾವಿರ. ಅದನ್ನೇ ಹತ್ತು ದಾರಿಗೆ ಹಂಚಿದರೆ ಒಂದೊಂದರಲ್ಲಿ ಹತ್ತು ಆಂಪಿಯರ್, ವರ್ಗ ನೂರು. ಹತ್ತೂ ಸೇರಿ ಒಂದು ಸಾವಿರ. ಪ್ರತಿ ದಾರಿಯ ರೋಧ ಒಂದೇ ಆಗಿದ್ದರೆ ಆ ಶಾಖ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಸೂತ್ರ ಎಸ್.ಪಿ. ರಸ್ತೆಯಲ್ಲಿ ಹೀಗೆ ಬೆಲೆಪಟ್ಟಿಯಾಗಿ ನಿಂತಿದೆ.

ಆ ಒಂಬತ್ತು ಸಾವಿರದ ಬೋರ್ಡಿನಲ್ಲಿ ಫೇಸುಗಳು ಕಡಿಮೆಯಿದ್ದವು, ಮಾಸ್‌ಫೆಟ್‌ಗಳ ಮೇಲೆ ಶಾಖ ಹೀರುವ ಲೋಹದ ಹೊದಿಕೆಯೂ ಇರಲಿಲ್ಲ. ಕಡಿಮೆ ವಿದ್ಯುತ್ತಿನ ಪ್ರೊಸೆಸರು ಹಾಕಿ ಕಚೇರಿಯ ಕೆಲಸ, ಪಾಠ, ಟೈಪಿಂಗ್ ಮಾಡುವವರಿಗೆ ಅದು ಧಾರಾಳ ಸಾಕು. ಅಂಥವರು ಅದಕ್ಕಿಂತ ಹೆಚ್ಚು ಕೊಡಲೂಬಾರದು. ಆದರೆ ಏಪ್ರಿಲ್ ತಿಂಗಳ ಸೆಕೆಯಲ್ಲಿ, ಗಂಟೆಗಟ್ಟಲೆ ಪೂರ್ಣ ಹೊರೆಯಲ್ಲಿ ದುಡಿಯುವ ಯಂತ್ರಕ್ಕೆ ಅದು ತಕ್ಕದ್ದಲ್ಲ. ಬಿಸಿ ಮಿತಿ ಮೀರಿದರೆ ಬೋರ್ಡು ಪ್ರೊಸೆಸರಿನ ವೇಗವನ್ನು ತಾನೇ ತಗ್ಗಿಸುತ್ತದೆ. 45 ಸಾವಿರದ ಪ್ರೊಸೆಸರು ಕೊಂಡು ಅದನ್ನು ತೆವಳಿಸಿದಂತಾಯಿತು.

‘ಸಣ್ಣ ಪೈಪು’ ಎಂದರು ತಂದೆ, ಪೆಟ್ಟಿಗೆಯನ್ನು ಮರಳಿಸುತ್ತಾ.

ನಲವತ್ತೆಂಟು ಸಾವಿರದ ಬೋರ್ಡು

ಎರಡನೆಯ ಅಂಗಡಿ ಮಹಡಿಯ ಮೇಲೆ. ಹುಡುಗ ಕನಸಿನಲ್ಲಿ ಕಂಡ ಬೋರ್ಡು ಗಾಜಿನೊಳಗೆ ಇತ್ತು. ಎಕ್ಸ್870ಇ ಚಿಪ್‌ಸೆಟ್‌ನದು. ನೋಡಲು ಚೆಂದವೇ. ಕಪ್ಪು ಲೋಹದ ಹೊದಿಕೆ, ಒಳಗಿನಿಂದ ಹೊಮ್ಮುವ ಬಣ್ಣ, ಕೈಗೆ ತೂಕ. ಹುಡುಗ ಅದರ ಗುಣಗಳನ್ನು ಒಂದೇ ಉಸಿರಿನಲ್ಲಿ ಹೇಳಿದ.

ತಂದೆ ಅಂಗಡಿಯವರನ್ನು ಕೇಳಿದರು: ‘ಇದಕ್ಕೂ ಅರ್ಧ ಬೆಲೆಯದ್ದಕ್ಕೂ, ಆಟ ಓಡುವುದರಲ್ಲಿ ಏನು ವ್ಯತ್ಯಾಸ?’

ಆತ ನಡುವಯಸ್ಸಿನವರು, ಹಲವು ವರ್ಷ ಅದೇ ಕಟ್ಟೆಯ ಮೇಲೆ ಕುಳಿತವರು. ಮಾರುವುದು ಸುಲಭವಿತ್ತು. ಒಮ್ಮೆ ಹುಡುಗನ ಕಡೆ, ಒಮ್ಮೆ ತಂದೆಯ ಪಂಚೆಯ ಕಡೆ ನೋಡಿ, ‘ಆಟದಲ್ಲಾ? ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ’ ಎಂದರು. ಅಂಥ ವ್ಯಾಪಾರಿಗಳೂ ಆ ರಸ್ತೆಯಲ್ಲಿದ್ದಾರೆಂಬುದನ್ನು ಬರೆಯಲೇಬೇಕು.

ಹಾಗಾದರೆ ಹೆಚ್ಚಿನ 26 ಸಾವಿರಕ್ಕೆ ಸಿಗುವುದೇನು? ನಾನು ಹುಡುಗನ ಕೈಗೆ ಒಂದು ಹಾಳೆ ಕೊಟ್ಟು ಮೂರು ಕಾಲಂ ಎಳೆಯಲು ಹೇಳಿದೆ: ಬೇಕು, ಇದ್ದರೆ ಒಳ್ಳೆಯದು, ಬೇಡ. ಪ್ರಯೋಗಶಾಲೆಯಲ್ಲಿ ಮಾಡುವ ಹಾಗೆ ಅವನೇ ತುಂಬಬೇಕು, ನಾವು ಯಾರೂ ಬಾಯಿ ಹಾಕಬಾರದು.

ದೊಡ್ಡ ಬೋರ್ಡಿನಲ್ಲಿ ಯುಎಸ್‌ಬಿ4 ಕಿಂಡಿಗಳಿದ್ದವು. ಅವನ ಬಳಿ ಅದಕ್ಕೆ ಸಿಕ್ಕಿಸುವ ಉಪಕರಣವೇ ಇರಲಿಲ್ಲ. ‘ಬೇಡ.’ ಎಂ.2 ಸ್ಲಾಟುಗಳು ಐದು. ಅವನು ಕೊಳ್ಳುವುದು ಒಂದು ಎಸ್‌ಎಸ್‌ಡಿ, ಮುಂದೆ ಇನ್ನೊಂದು ಆದೀತು. ಮೂರಿದ್ದರೆ ಸಾಕು. ಇಲ್ಲಿ ಒಂದು ಸೂಕ್ಷ್ಮವನ್ನು ಪೋಷಕರೂ ತಿಳಿದಿರಬೇಕು. ಪ್ರೊಸೆಸರಿನಿಂದ ಹೊರಡುವ ಪಿಸಿಐ ಎಕ್ಸ್‌ಪ್ರೆಸ್ ದಾರಿಗಳಿಗೆ ಲೆಕ್ಕವುಂಟು. ಕೆಲವು ದುಬಾರಿ ಬೋರ್ಡುಗಳಲ್ಲಿ ಎರಡನೆಯ ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದರೆ ಗ್ರಾಫಿಕ್ಸ್ ಕಾರ್ಡಿನ ಹದಿನಾರು ದಾರಿ ಎಂಟಕ್ಕೆ ಇಳಿಯುತ್ತದೆ. ಹೆಚ್ಚು ಕಿಂಡಿ ಎಂದರೆ ಹೆಚ್ಚು ನೀರು ಎಂದಲ್ಲ. ಯಾವ ಸ್ಲಾಟು ಯಾವುದರ ಜೊತೆ ಹಂಚಿಕೊಳ್ಳುತ್ತದೆ ಎಂಬುದು ಬೋರ್ಡಿನ ಕೈಪಿಡಿಯಲ್ಲಿರುತ್ತದೆ. ಕೈಪಿಡಿಯನ್ನು ಕಂಪನಿಯ ತಾಣದಿಂದ ಕೊಳ್ಳುವ ಮೊದಲೇ ಇಳಿಸಿಕೊಂಡು ಓದಬಹುದು.

ಗ್ರಾಫಿಕ್ಸ್ ಸ್ಲಾಟು ಪಿಸಿಐ ಎಕ್ಸ್‌ಪ್ರೆಸ್ 5.0 ಎಂದಿತ್ತು. ಹದಿನಾರು ದಾರಿ ಸೇರಿ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 64 ಗಿಗಾಬೈಟ್ ಸಾಗಿಸಬಲ್ಲದು. 4.0 ಆದರೆ ಅದರ ಅರ್ಧ. ಸದ್ಯದ ಕಾರ್ಡುಗಳಿಗೆ ಆಟದಲ್ಲಿ ಈ ವ್ಯತ್ಯಾಸ ತೀರ ಅಲ್ಪ. ಆದರೂ ಮುಂದೆ ಕಾರ್ಡು ಬದಲಿಸುವಾಗ ಬೇಕಾದೀತೆಂದು ‘ಇದ್ದರೆ ಒಳ್ಳೆಯದು’ ಎಂದು ಬರೆದ. ಬಿ850 ಚಿಪ್‌ಸೆಟ್‌ನ ಬೋರ್ಡುಗಳಲ್ಲಿ ಕೆಲವಕ್ಕೆ 5.0, ಕೆಲವಕ್ಕೆ 4.0 ಇರುತ್ತದೆ. ಪೆಟ್ಟಿಗೆಯ ಬೆನ್ನು ಓದಿ ಆರಿಸಬೇಕು.

‘ಬೇಕು’ ಎಂಬ ಕಾಲಮಿನಲ್ಲಿ ಕೊನೆಗೆ ಉಳಿದದ್ದು ಇಷ್ಟು: ಗಟ್ಟಿಯಾದ ವಿಆರ್‌ಎಂ, ಅದರ ಮೇಲೆ ದಪ್ಪ ಹೊದಿಕೆ. ಡಿಡಿಆರ್5 ಮೆಮೊರಿಯನ್ನು 6000 ವೇಗದಲ್ಲಿ ಓಡಿಸುವ ಸಾಮರ್ಥ್ಯ. ಹಿಂಬದಿಯಲ್ಲಿ ಸಾಕಷ್ಟು ಯುಎಸ್‌ಬಿ, ವೈ-ಫೈ. ಪ್ರೊಸೆಸರಿಲ್ಲದೆಯೇ ಬಯೋಸ್ ಹೊಸದು ಮಾಡುವ ಫ್ಲ್ಯಾಶ್‌ಬ್ಯಾಕ್ ಗುಂಡಿ. ಈ ಕೊನೆಯದನ್ನು ಹಲವರು ಗಮನಿಸುವುದಿಲ್ಲ. ಅಂಗಡಿಯಲ್ಲಿ ಬಹುಕಾಲ ಕುಳಿತ ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರಿನ ಗುರುತೇ ಇರುವುದಿಲ್ಲ. ಆಗ ಯಂತ್ರ ಏಳುವುದೇ ಇಲ್ಲ. ಗುಂಡಿಯಿದ್ದರೆ ಒಂದು ಪೆನ್‌ಡ್ರೈವಿನಿಂದ ಕೆಲಸ ಮುಗಿಯುತ್ತದೆ.

ಇವಿಷ್ಟೂ ಇದ್ದ ಒಂದು ಬಿ850 ಬೋರ್ಡು 22 ಸಾವಿರಕ್ಕೆ ಸಿಕ್ಕಿತು. ಎಟಿಎಕ್ಸ್ ಅಳತೆಯದು: 305 ಮಿಲಿಮೀಟರ್ ಉದ್ದ, 244 ಅಗಲ. ಕ್ಯಾಬಿನೆಟ್ಟು ಕೊಳ್ಳುವಾಗ ಈ ಅಳತೆ ನೆನಪಿರಬೇಕು. ಮೈಕ್ರೊ ಎಟಿಎಕ್ಸ್ 244ಕ್ಕೆ 244, ಮಿನಿ ಐಟಿಎಕ್ಸ್ ಬರೇ 170ಕ್ಕೆ 170. ದೊಡ್ಡ ಪೆಟ್ಟಿಗೆಯಲ್ಲಿ ಸಣ್ಣ ಬೋರ್ಡು ಕೂರುತ್ತದೆ, ಸಣ್ಣದರಲ್ಲಿ ದೊಡ್ಡದು ಕೂರದು.

ತಂದೆಯ ಎರಡು ಪ್ರಶ್ನೆ

ಹಾಳೆಯನ್ನು ಹುಡುಗ ನನಗೆ ಕೊಡಲು ಬಂದ. ತಂದೆಗೆ ಕೊಡು ಎಂದೆ. ಅವರು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿದರು. ಆಮೇಲೆ ಒಂದು ವರ್ಷದಲ್ಲಿ ಮೊದಲ ಸಲ ಎಂಬಂತೆ ಮಗನನ್ನೇ ನೇರ ಕೇಳಿದರು: ‘ಇದು ಎಷ್ಟು ವರ್ಷ ಬರುತ್ತೆ?’

ಹುಡುಗ ಚೆನ್ನಾಗಿ ಉತ್ತರಿಸಿದ. ಬೋರ್ಡಿಗೆ ಮೂರು ವರ್ಷ ವಾರಂಟಿ. ಆದರೆ ಅಸಲು ಆಯುಸ್ಸು ಸಾಕೆಟ್ಟಿನದು. ಎಎಂ5 ಸಾಕೆಟ್ಟನ್ನು ಕನಿಷ್ಠ 2027ರವರೆಗೆ ಮುಂದುವರಿಸುವುದಾಗಿ ಕಂಪನಿ ಹೇಳಿದೆ. ಇದರ ಹಿಂದಿನ ಎಎಂ4ಗೆ 2017ರ ಮೊದಲ ರೈಜೆನ್‌ನಿಂದ 2022ರ 5800ಎಕ್ಸ್3ಡಿವರೆಗೆ ಪ್ರೊಸೆಸರುಗಳು ಬಂದವು. ಇಂಟೆಲ್‌ನವರ ಎಲ್‌ಜಿಎ1700 ಸಾಕೆಟ್ಟು 2021ರಿಂದ ಮೂರು ಪೀಳಿಗೆ ಕಂಡು, 2024ರ ಅಕ್ಟೋಬರಿನಲ್ಲಿ ಎಲ್‌ಜಿಎ1851ಕ್ಕೆ ಜಾಗ ಬಿಟ್ಟಿತು. ಅಂದರೆ ಮೂರು ನಾಲ್ಕು ವರ್ಷಗಳ ನಂತರ ಬೋರ್ಡನ್ನು ಹಾಗೇ ಇಟ್ಟು ಪ್ರೊಸೆಸರು ಮಾತ್ರ ಬದಲಿಸುವ ಅವಕಾಶವಿದೆ. ‘ಮೋಟರು ಬದಲಾಯಿಸಬಹುದು, ಪೈಪು ಅಗೆಯಬೇಕಾಗಿಲ್ಲ ಅಪ್ಪ’ ಎಂದ. ತನ್ನ ಮಾತಿನಲ್ಲಿ ತೋಟ ಬಂದದ್ದು ಅವನಿಗೇ ತಿಳಿಯಲಿಲ್ಲ. ತಂದೆಗೆ ತಿಳಿಯಿತು.

ಎರಡನೆಯ ಪ್ರಶ್ನೆ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ‘ಊರಿನಲ್ಲಿ ಕರೆಂಟು ಹೋಗಿ ಬಂದು ಮಾಡುತ್ತೆ. ಸ್ಟಾರ್ಟರು ಸುಟ್ಟ ಹಾಗೆ ಇದೂ ಸುಟ್ಟರೆ?’

ಹುಡುಗನ ಮೊದಲ ಪಟ್ಟಿಯ ಮೊತ್ತ ಎರಡು ಲಕ್ಷದ 49 ಸಾವಿರವಾಗಿತ್ತು. ಯುಪಿಎಸ್‌ಗೆ ಅದರಲ್ಲಿ ಜಾಗವೇ ಇರಲಿಲ್ಲ. ಈಗ 26 ಸಾವಿರ ಉಳಿದಿತ್ತು. ಅದರಲ್ಲಿ ಒಳ್ಳೆಯ ಯುಪಿಎಸ್ ಬಂತು, ಮನೆಯ ಅರ್ಥಿಂಗ್ ಹೊಸದಾಗಿ ಮಾಡಿಸಲು ಎಲೆಕ್ಟ್ರಿಷಿಯನ್‌ನ ಕೂಲಿ ಬಂತು, ಇನ್ನೂ ಸ್ವಲ್ಪ ಉಳಿಯಿತು. ಹಳ್ಳಿ, ಚಿಕ್ಕ ಊರುಗಳ ಪೋಷಕರು ಇದನ್ನು ಗಮನಿಸಬೇಕು. ಬಣ್ಣದ ದೀಪಕ್ಕೆ ಕೊಡುವ ದುಡ್ಡು ಅರ್ಥಿಂಗಿಗೆ ಹೋಗಲಿ. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿ ನಿಜವಾಗಿಯೂ ಭೂಮಿಗೆ ಸೇರಿದೆಯೇ ಎಂದು ಮೊದಲು ಪರೀಕ್ಷಿಸಿ.

ಕಟ್ಟೆ ಇಳಿಯುವ ಮುನ್ನ ಮಾಡಬೇಕಾದ ಕೆಲಸಗಳನ್ನೂ ಹೇಳಿಬಿಡುತ್ತೇನೆ. ಬಿಲ್ಲಿಲ್ಲದೆ ಕೊಂಡರೆ ಅಗ್ಗ ಎಂದು ಎಲ್ಲಾದರೂ ಹೇಳಿದರೆ ಒಪ್ಪಬೇಡಿ. ಜಿಎಸ್‌ಟಿ ಬಿಲ್ಲು, ಅದರಲ್ಲಿ ಬೋರ್ಡಿನ ಕ್ರಮಸಂಖ್ಯೆ, ಎರಡೂ ಇದ್ದರೇ ವಾರಂಟಿ ಕೇಳಲು ಬಾಯಿ. ಪೆಟ್ಟಿಗೆಯನ್ನು ಅಂಗಡಿಯಲ್ಲೇ ತೆರೆಸಿ ಸಾಕೆಟ್ಟಿನೊಳಗೆ ಓರೆಯಾಗಿ ಬೆಳಕು ಬಿಟ್ಟು ನೋಡಿ. ಈಗಿನ ಬೋರ್ಡುಗಳಲ್ಲಿ ಸೂಜಿಗಳಿರುವುದು ಪ್ರೊಸೆಸರಿನಲ್ಲಲ್ಲ, ಬೋರ್ಡಿನಲ್ಲಿ. ಕೂದಲಿನಷ್ಟು ತೆಳುವಾದ ಆ ಸೂಜಿಗಳಲ್ಲಿ ಒಂದು ಬಾಗಿದರೂ ತೊಂದರೆ. ಅದರ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯಬಾರದು, ಬೋರ್ಡು ದುರಸ್ತಿಗೆ ಕಳಿಸುವಾಗ ಬೇಕು. ಎರಡು ಮೆಮೊರಿ ಕಡ್ಡಿಯಾದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಗುಂಡಿಗೆ ಹಾಕುವುದು ಸಾಮಾನ್ಯ ಕ್ರಮ. ನಾಲ್ಕು ಕಡ್ಡಿ ಹಾಕಿದರೆ ಡಿಡಿಆರ್5 ವೇಗ ಇಳಿಯುತ್ತದೆ. ಮೆಮೊರಿಯ ಬೆಲೆಯಂತೂ ನಾವು ಹೋಗಿಬಂದ ಮೇಲೆ, 2025ರ ಕೊನೆಯ ತಿಂಗಳುಗಳಲ್ಲಿ, ವಿಪರೀತ ಏರಿತು. ಇಲ್ಲಿ ಬರೆದ ಬೆಲೆಗಳೆಲ್ಲ ಆ ಜೂನ್ ತಿಂಗಳವು. ನೀವು ಹೋಗುವ ದಿನ ಮೂರು ಅಂಗಡಿ ಕೇಳಿಯೇ ಕೊಳ್ಳಿ.

ಸಂಜೆಯ ರೈಲಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಪೆಟ್ಟಿಗೆ ಮೇಲಿನ ಹಲಗೆಗೆ ಹೋಯಿತು, ಮಾನಿಟರು ಸೀಟಿನ ಮಗ್ಗುಲಿಗೆ. ಬೋರ್ಡಿನ ಪೆಟ್ಟಿಗೆಯನ್ನು ಮಾತ್ರ ತಂದೆ ತೊಡೆಯ ಮೇಲೆ ಇಟ್ಟುಕೊಂಡರು. ತುಮಕೂರು ದಾಟಿದ ಮೇಲೆ, ‘ನೀನು ಮಾಡುವ ಆಟದಲ್ಲಿ ಏನಿರುತ್ತೆ?’ ಎಂದು ಕೇಳಿದರು. ಹುಡುಗ ಹೇಳತೊಡಗಿದ. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿದೆ.

ಸತ್ತ ಬೋರ್ಡಿನ ಪಾಠ

ಆ ದಿನ ನನ್ನ ಚೀಲದಲ್ಲೂ ಒಂದು ಬೋರ್ಡಿತ್ತು. ಹಳೆಯ ಸಾಮಾನಿನ ಅಂಗಡಿಯಲ್ಲಿ ನೂರು ರೂಪಾಯಿಗೆ ಕೊಂಡ ಕೆಟ್ಟುಹೋದ ಬೋರ್ಡು. ಅದೀಗ ನಮ್ಮ ಶಾಲೆಯ ಪ್ರಯೋಗಶಾಲೆಯ ಗೋಡೆಯ ಮೇಲಿದೆ. ಎಂಟನೆಯ ತರಗತಿಯ ಮಕ್ಕಳು ಅದರಲ್ಲಿ ಕೆಪಾಸಿಟರ್ ಎಣಿಸುತ್ತಾರೆ, ಸುರುಳಿಗಳನ್ನು ಗುರುತಿಸುತ್ತಾರೆ. ಗಡಿಯಾರ ನಿಲ್ಲದಂತೆ ಕಾಯುವ ನಾಣ್ಯದಂಥ ಬ್ಯಾಟರಿಯ ಮೇಲೆ ಸಿಆರ್2032 ಎಂದಿದೆ. ಅಳತೆಪಟ್ಟಿ ಹಿಡಿದು ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್ ಎಂದು ಅಳೆದಾಗ, ಹೆಸರೇ ಅಳತೆ ಎಂಬುದು ಅವರಿಗೆ ಹೊಳೆದು ಕುಣಿದಾಡಿದರು.

ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಒಳ್ಳೆಯದಿತ್ತು. ಮೆಮೊರಿ ಗುಂಡಿಯಿಂದ ಪ್ರೊಸೆಸರಿಗೆ ಹೋಗುವ ತಾಮ್ರದ ಗೆರೆಗಳಲ್ಲಿ ಕೆಲವು ನೆಟ್ಟಗಿದ್ದರೆ ಕೆಲವು ಹಾವಿನಂತೆ ಅಂಕುಡೊಂಕಾಗಿವೆ. ‘ನೇರ ದಾರಿ ಇರುವಾಗ ಸುತ್ತಿ ಯಾಕೆ ಹೋಗಬೇಕು ಸಾರ್?’

ಬೆಳಕು ನಿರ್ವಾತದಲ್ಲಿ ಒಂದು ನ್ಯಾನೊ ಸೆಕೆಂಡಿಗೆ 30 ಸೆಂಟಿಮೀಟರ್ ಸಾಗುತ್ತದೆ. ಬೋರ್ಡಿನ ತಾಮ್ರದ ಗೆರೆಯಲ್ಲಿ ಸಂಕೇತದ ವೇಗ ಸುಮಾರು ಅದರ ಅರ್ಧ, 15 ಸೆಂಟಿಮೀಟರ್. ನಮ್ಮ ಹುಡುಗ ಕೊಂಡ ಮೆಮೊರಿ ಒಂದೊಂದು ಗೆರೆಯಲ್ಲಿ ಸೆಕೆಂಡಿಗೆ 600 ಕೋಟಿ ಬಿಟ್ ಕಳಿಸುತ್ತದೆ. ಅಂದರೆ ಒಂದು ಬಿಟ್ಟಿಗೆ ಸಿಗುವ ಕಾಲ ನ್ಯಾನೊ ಸೆಕೆಂಡಿನ ಆರನೆಯ ಒಂದು ಪಾಲು. ಅಷ್ಟರಲ್ಲಿ ಸಂಕೇತ ಸಾಗುವುದು ಎರಡೂವರೆ ಸೆಂಟಿಮೀಟರ್, ಹೆಬ್ಬೆರಳಿನ ಅಗಲ ಅಷ್ಟೆ. ಜೊತೆಯಲ್ಲಿ ಹೊರಟ ಬಿಟ್ಟುಗಳಲ್ಲಿ ಒಂದಕ್ಕೆ ಹತ್ತಿರದ ದಾರಿ, ಇನ್ನೊಂದಕ್ಕೆ ದೂರದ ದಾರಿಯಾದರೆ ಒಂದು ಮುಂಚೆ ಬಂದು ಇನ್ನೊಂದು ಹಿಂದುಳಿದು ಪದವೇ ಕಲಸಿಹೋಗುತ್ತದೆ. ಅದಕ್ಕೇ ಹತ್ತಿರದವರನ್ನು ಬೇಕೆಂದೇ ಸುತ್ತಿಸಿ, ಎಲ್ಲರೂ ಒಟ್ಟಿಗೆ ತಲುಪುವಂತೆ ಮಾಡಿದ್ದಾರೆ. ಪ್ರಭಾತಫೇರಿಯಲ್ಲಿ ತಿರುವು ಬಂದಾಗ ಹೊರಸಾಲಿನವರು ಜೋರಾಗಿ, ಒಳಸಾಲಿನವರು ನಿಧಾನವಾಗಿ ಹೆಜ್ಜೆ ಹಾಕುವುದಿಲ್ಲವೆ? ಗೆರೆಗಳಿಗೆ ಹೆಜ್ಜೆ ಬದಲಿಸಲು ಬರುವುದಿಲ್ಲ, ಆದ್ದರಿಂದ ದಾರಿಯನ್ನೇ ಬದಲಿಸುತ್ತಾರೆ.

ಹಳೆಯ ಬೋರ್ಡನ್ನು ಮಕ್ಕಳು ಮುಟ್ಟಿದ ಮೇಲೆ ಕೈ ತೊಳೆಯಬೇಕು, ಹಳೆಯ ಬೆಸುಗೆಯಲ್ಲಿ ಸೀಸವಿರುತ್ತದೆ. ಅದನ್ನು ಯಾವ ಕಾರಣಕ್ಕೂ ಸುಡಬಾರದು, ಕಸದ ಗುಂಡಿಗೆ ಎಸೆಯಲೂಬಾರದು. ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಬೇಕು.

ಎಸ್.ಪಿ. ರಸ್ತೆಗೆ ಹೋಗುವವರು ಭಾನುವಾರ ಬಿಟ್ಟು ಹೋಗಿ, ಆ ದಿನ ಬಹುಪಾಲು ಅಂಗಡಿಗಳ ಬಾಗಿಲು ಹಾಕಿರುತ್ತದೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತಲುಪಿದರೆ ವ್ಯಾಪಾರಿಗಳಿಗೆ ಮಾತನಾಡಲು ಪುರುಸೊತ್ತಿರುತ್ತದೆ. ಕಾರು ತಂದು ನಿಲ್ಲಿಸಲು ಜಾಗ ಹುಡುಕುವುದಕ್ಕಿಂತ ಮೆಟ್ರೊ, ಬಸ್ಸು ಲೇಸು. ಮಳೆಗಾಲದಲ್ಲಿ ಪೆಟ್ಟಿಗೆ ಸುತ್ತಲು ಒಂದು ಪ್ಲಾಸ್ಟಿಕ್ ಹಾಳೆ ಇರಲಿ. ಮಗ ಅಥವಾ ಮಗಳು ದುಬಾರಿ ಕಂಪ್ಯೂಟರ್ ಕೇಳಿದ್ದರೆ, ಬೇಡ ಅಥವಾ ಆಗಲಿ ಎನ್ನುವ ಮೊದಲು ಅವರ ಜೊತೆಯಲ್ಲೇ ಒಮ್ಮೆ ಆ ರಸ್ತೆಯ ಮೆಟ್ಟಿಲು ಹತ್ತಿ ಇಳಿಯಿರಿ. ಮೂರು ಕಾಲಂ ಎಳೆದ ಒಂದು ಬಿಳಿ ಹಾಳೆ ಜೇಬಿನಲ್ಲಿರಲಿ. ಅದನ್ನು ಅವರೇ ತುಂಬಲಿ, ನೀವು ಪ್ರಶ್ನೆ ಮಾತ್ರ ಕೇಳಿ.